ರೋಗ ಆಕಾಶದಿಂದ ಉದುರುತ್ತದೆಯೇ? 3ಐ/ಅಟ್ಲಾಸ್ ಮತ್ತೆ ಎಬ್ಬಿಸಿದ ಹಳೆಯ ಪ್ರಶ್ನೆ

2025ರ ಜುಲೈ 1ರಂದು ಚಿಲಿ ದೇಶದ ಅಟ್ಲಾಸ್ ದೂರದರ್ಶಕಕ್ಕೆ ಒಂದು ಮಸುಕು ಚುಕ್ಕಿ ಕಂಡಿತು. ಪಥದ ಲೆಕ್ಕ ಹಾಕಿದಾಗ ಅದು ನಮ್ಮ ಸೂರ್ಯನಿಗೆ ಸೇರಿದ ಕಾಯವಲ್ಲ, ಬೇರೆ ನಕ್ಷತ್ರವೊಂದರ ಕಡೆಯಿಂದ ಬಂದು ಸೌರಮಂಡಲವನ್ನು ಹಾದುಹೋಗುತ್ತಿದೆ ಎಂಬುದು ಖಚಿತವಾಯಿತು. 2017ರ ಔಮುವಾಮುವಾ, 2019ರ ಬೊರಿಸೊವ್ ಬಿಟ್ಟರೆ ಇಂಥದ್ದು ಕಂಡಿದ್ದು ಇದೇ ಮೊದಲು. ಹಾಗಾಗಿ ಅದರ ಹೆಸರು 3ಐ/ಅಟ್ಲಾಸ್: 3 ಎಂದರೆ ಮೂರನೆಯದು, ಐ ಎಂದರೆ ‘ಇಂಟರ್‌ಸ್ಟೆಲ್ಲರ್’, ಅಂದರೆ ನಕ್ಷತ್ರಗಳ ನಡುವಿನಿಂದ ಬಂದದ್ದು.

ಆಮೇಲಿನ ತಿಂಗಳುಗಳಲ್ಲಿ ಓದುಗರ ಮೊಬೈಲಿಗೆ ಎರಡು ಬಗೆಯ ಸುದ್ದಿ ಬರತೊಡಗಿತು. ಇದು ಅನ್ಯಗ್ರಹದವರ ನೌಕೆ ಇರಬಹುದು, ಅದರ ಸುತ್ತಲಿನ ಅನಿಲದಲ್ಲಿ ಸೈನೈಡ್ ಇದೆ, ಅದರಿಂದ ಏನಾದರೂ ಉದುರಿ ಹೊಸ ರೋಗ ಬಂದೀತು ಎಂಬುದು ಒಂದು. ಬೆನ್ನು ಎಂಬ ಕ್ಷುದ್ರಗ್ರಹದಿಂದ ನಾಸಾ ತಂದ ಮಣ್ಣಿನಲ್ಲಿ ಜೀವಕ್ಕೆ ಬೇಕಾದ ಕಚ್ಚಾವಸ್ತು ಸಿಕ್ಕಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ವಿಜ್ಞಾನಿಗಳು ತಳ್ಳಿಹಾಕುತ್ತಾರೆ, ಎರಡನೆಯದನ್ನು ಅವರೇ ಸಂಭ್ರಮದಿಂದ ಹೇಳುತ್ತಾರೆ. ಜೀವದ ಸಾಮಗ್ರಿ ಮೇಲಿನಿಂದ ಬರಬಹುದಾದರೆ ರೋಗಾಣು ಯಾಕೆ ಬರಬಾರದು ಎಂದು ಯಾರಾದರೂ ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ. ಅದನ್ನು ಹಿಂದೆ ಕೇಳಿದವರು ಕೇಂಬ್ರಿಜ್‌ನ ದೊಡ್ಡ ಖಗೋಳ ವಿಜ್ಞಾನಿಗಳು. ಅವರ ಉತ್ತರ ಎಲ್ಲಿ ತಪ್ಪಿತು ಎಂಬುದನ್ನು ನಿಧಾನವಾಗಿ ನೋಡಬೇಕು.

ನೌಕೆಯ ಕತೆ ಹುಟ್ಟಿದ ಬಗೆ

ಹಾರ್ವರ್ಡ್ ವಿಶ್ವವಿದ್ಯಾಲಯದ ಅವಿ ಲೋಬ್ 2025ರ ಜುಲೈನಲ್ಲೇ ಒಂದು ಪ್ರಬಂಧದಲ್ಲಿ, ಇದು ಕೃತಕ ವಸ್ತುವಾಗಿರಬಹುದೇ ಎಂಬ ಪ್ರಶ್ನೆ ಎತ್ತಿದರು. ಅದೇ ಪ್ರಬಂಧದಲ್ಲಿ, ಇದು ಸಹಜ ಕಾಯ, ಬಹುಶಃ ಧೂಮಕೇತು ಎನ್ನುವುದೇ ಅತ್ಯಂತ ಸಂಭವನೀಯ ಎಂದೂ ಬರೆದಿದ್ದರು. ಆ ಎರಡನೆಯ ಮಾತು ತಲೆಬರಹಗಳಿಗೆ ಬರಲಿಲ್ಲ.

ಅಕ್ಟೋಬರ್ ಆರಂಭದಲ್ಲಿ ಅದು ಮಂಗಳನ ಸಮೀಪ ಹಾದಾಗ ನಾಸಾದ ನೌಕೆಯೊಂದು ಚಿತ್ರ ತೆಗೆಯಿತು. ಆ ಹೊತ್ತಿಗೆ ಅಮೆರಿಕದ ಸರ್ಕಾರಿ ಕಚೇರಿಗಳು ಬಜೆಟ್ ಬಿಕ್ಕಟ್ಟಿನಿಂದ ಬಾಗಿಲು ಹಾಕಿದ್ದವು. ಚಿತ್ರಗಳು ಹೊರಬಂದದ್ದು ನವೆಂಬರ್ 19ರಂದು. ನಡುವಿನ ಆರೇಳು ವಾರಗಳ ಮೌನ ‘ಮುಚ್ಚಿಡುತ್ತಿದ್ದಾರೆ’ ಎಂಬ ಅನುಮಾನಕ್ಕೆ ಗೊಬ್ಬರವಾಯಿತು. ಅಕ್ಟೋಬರ್ 24ರಂದು ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ರೇಡಿಯೊ ದೂರದರ್ಶಕ ಅದರಲ್ಲಿ ಹೈಡ್ರಾಕ್ಸಿಲ್ ಅಣುವಿನ ಗುರುತು ಹಿಡಿದಾಗ, ‘ರೇಡಿಯೊ ಸಂಕೇತ ಬಂತು’ ಎಂದು ಸುದ್ದಿಯಾಯಿತು. ನಡೆದದ್ದು ಇಷ್ಟೇ: ಬಿಸಿಲಿಗೆ ನೀರಿನ ಅಣು ಒಡೆದರೆ ಹೈಡ್ರಾಕ್ಸಿಲ್ ಉಳಿಯುತ್ತದೆ, ಅದು ನಿರ್ದಿಷ್ಟ ರೇಡಿಯೊ ತರಂಗಗಳನ್ನು ಹೀರುತ್ತದೆ. ಅಂದರೆ ಅದು ನೀರಿನ ಮಂಜುಗಡ್ಡೆ ಇರುವ ಧೂಮಕೇತು ಎಂಬುದಕ್ಕೆ ಇನ್ನೊಂದು ಸಾಕ್ಷಿ. ಡಿಸೆಂಬರ್ 19ರಂದು ಅದು ಭೂಮಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 27 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಸೂರ್ಯನಿರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ.

ಸೈನೈಡಿನ ಭಯ ಇದಕ್ಕಿಂತ ಹಳೆಯದು. 1910ರಲ್ಲಿ ಹ್ಯಾಲಿ ಧೂಮಕೇತುವಿನಲ್ಲಿ ಸೈನೋಜೆನ್ ಎಂಬ ಸೈನೈಡ್ ಬಗೆಯ ವಿಷಾನಿಲ ಇರುವುದು ತಿಳಿದು, ಭೂಮಿ ಮೇ 18-19ರಂದು ಅದರ ಬಾಲದೊಳಗೆ ಹಾಯಲಿದೆ ಎಂದಾಗ ಯುರೋಪು, ಅಮೆರಿಕದ ಊರುಗಳಲ್ಲಿ ಜನ ಕಿಟಕಿಯ ಸಂದುಗಳನ್ನು ಮುಚ್ಚಿದರು, ‘ಧೂಮಕೇತು ಮಾತ್ರೆ’ ಮಾರಾಟವಾದವು. ಬಾಲದ ಅನಿಲ ಎಷ್ಟು ವಿರಳವೆಂದರೆ ಯಾರಿಗೂ ಏನೂ ಆಗಲಿಲ್ಲ.

ಧೂಳಿನಿಂದ ವೈರಸ್‌ಗೆ

ರೋಗ ಆಕಾಶದಿಂದ ಬರುತ್ತದೆ ಎಂಬ ವಾದಕ್ಕೆ ವೈಜ್ಞಾನಿಕ ರೂಪ ಕೊಟ್ಟವರು ಫ್ರೆಡ್ ಹಾಯ್ಲ್ ಮತ್ತು ಅವರ ಶಿಷ್ಯ, ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ. ಇವರನ್ನು ಹುಚ್ಚರ ಸಾಲಿಗೆ ಸೇರಿಸುವುದು ಅನ್ಯಾಯ. ನಮ್ಮ ದೇಹದ ಇಂಗಾಲ, ಆಮ್ಲಜನಕ, ಕಬ್ಬಿಣ ಎಲ್ಲವೂ ನಕ್ಷತ್ರಗಳ ಒಡಲಲ್ಲಿ ತಯಾರಾದವು ಎಂಬುದನ್ನು 1957ರಲ್ಲಿ ಸಂಗಡಿಗರೊಡನೆ ವಿವರಿಸಿದವರು ಹಾಯ್ಲ್. ನಕ್ಷತ್ರಗಳ ನಡುವಿನ ಧೂಳಿನಲ್ಲಿ ಇಂಗಾಲವಿದೆ ಎಂದು ಗುರು ಶಿಷ್ಯರು 1962ರಲ್ಲಿ ವಾದಿಸಿದರು. 70ರ ದಶಕದಲ್ಲಿ ವಿಕ್ರಮಸಿಂಘೆ ಆ ಧೂಳಿನಲ್ಲಿ ಸಂಕೀರ್ಣ ಸಾವಯವ ಅಣುಗಳಿವೆ ಎಂದರು. ಇಂಗಾಲದ ಅಣುಗಳು ಅಲ್ಲಿ ಹೇರಳವಾಗಿವೆ ಎಂಬುದನ್ನು ಇಂದು ಎಲ್ಲರೂ ಒಪ್ಪುತ್ತಾರೆ.

ಮುಂದಿನ ಹೆಜ್ಜೆಯಲ್ಲಿ ಅವರು ಆ ಧೂಳಿನ ಕಣಗಳೇ ಒಣಗಿದ ಬ್ಯಾಕ್ಟೀರಿಯಾ ಎಂದರು. ಅದರ ಮುಂದಿನ ಹೆಜ್ಜೆ, ಧೂಮಕೇತುಗಳು ಅವನ್ನು ಭೂಮಿಗೆ ಸುರಿಯುತ್ತಿವೆ, ಫ್ಲೂನಂಥ ಸಾಂಕ್ರಾಮಿಕಗಳು ಹೀಗೆಯೇ ಬರುತ್ತವೆ ಎಂಬುದು. 1979ರಲ್ಲಿ ಇದನ್ನು ಪುಸ್ತಕವಾಗಿಯೇ ಪ್ರಕಟಿಸಿದರು. ಅವರ ಬೆಂಬಲಿಗರು ಇಂದೂ ಹೇಳುವುದು, ಧೂಳಿನ ವಿಷಯದಲ್ಲಿ ಅಂದು ನಂಬದವರು ಆಮೇಲೆ ಒಪ್ಪಿದರು, ರೋಗದ ವಿಷಯದಲ್ಲೂ ಒಪ್ಪುತ್ತಾರೆ ಎಂದು. ಆದರೆ ಧೂಳಿನಲ್ಲಿ ಅಣುಗಳಿವೆ ಎಂಬುದಕ್ಕೆ ಸಿಕ್ಕ ಪುರಾವೆ ಅದರಲ್ಲಿ ಜೀವಿಗಳಿವೆ ಎಂಬುದಕ್ಕೆ ಪುರಾವೆಯಲ್ಲ. ಪ್ರತಿ ಹೆಜ್ಜೆಗೂ ಬೇರೆ ಬೇರೆ ಸಾಕ್ಷಿ ಬೇಕು. ರೋಗದ ಹೆಜ್ಜೆಗೆ ಅವರು ಕೊಟ್ಟ ಮುಖ್ಯ ಸಾಕ್ಷಿಯಲ್ಲಿ ನಮ್ಮ ದೇಶದ ನಗರವೊಂದು ಬರುತ್ತದೆ.

ಬೋಸ್ಟನ್, ಬಾಂಬೆ ಮತ್ತು ಎರಡು ದ್ವೀಪಗಳು

1918ರ ಮಹಾ ಫ್ಲೂ ಬೋಸ್ಟನ್ ಮತ್ತು ಬಾಂಬೆಯಲ್ಲಿ ಒಂದೇ ದಿನ ಕಂಡಿತು, ಆದರೆ ಬೋಸ್ಟನ್ನಿನಿಂದ ಪಕ್ಕದ ನ್ಯೂಯಾರ್ಕಿಗೆ ಹೋಗಲು ಮೂರು ವಾರ ಹಿಡಿಯಿತು ಎಂಬ ಮಾತನ್ನು ಇಬ್ಬರೂ ಮತ್ತೆ ಮತ್ತೆ ಉದಾಹರಿಸಿದರು. ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗ ಸಾವಿರಾರು ಮೈಲಿ ಆಚೆ ಅದೇ ದಿನ ಹೇಗೆ ಕಾಣಿಸೀತು? ಮೇಲಿನಿಂದ ಬಿದ್ದಿರಬೇಕು ಎಂಬುದು ತರ್ಕ.

ಕೇಳಲು ಬಲವಾಗಿದೆ. ಆದರೆ 1918 ಮಹಾಯುದ್ಧದ ವರ್ಷ. ಸೈನಿಕರನ್ನು ತುಂಬಿದ ಹಡಗುಗಳು ಎಲ್ಲ ಸಾಗರಗಳಲ್ಲೂ ಓಡಾಡುತ್ತಿದ್ದವು. ಬಾಂಬೆಯಲ್ಲಿ ಜೂನ್ ತಿಂಗಳಲ್ಲಿ ಮೊದಲು ಆಸ್ಪತ್ರೆ ಸೇರಿದವರಲ್ಲಿ ಬಂದರಿನಲ್ಲಿ ಕಾವಲಿದ್ದ ಪೊಲೀಸ್ ಸಿಪಾಯಿಗಳಿದ್ದರು. ಅಲ್ಲಿಂದ ರೈಲು ಮಾರ್ಗ ಹಿಡಿದು ರೋಗ ಒಳನಾಡಿಗೆ ಇಳಿಯಿತು. ನ್ಯೂಯಾರ್ಕಿಗೂ ಬೋಸ್ಟನ್ನಿಗಿಂತ ತಡವಾಗಿ ಬಂತೆಂಬುದು ನಿಜವಲ್ಲ. ಆಗಸ್ಟ್ ಮಧ್ಯಭಾಗಕ್ಕೆ ಮುನ್ನವೇ ನಾರ್ವೆಯ ಹಡಗೊಂದು ಜ್ವರ ಬಂದವರನ್ನು ಹೊತ್ತು ಆ ಬಂದರಿಗೆ ಬಂದಿತ್ತು. ರೋಗ ಬಂದ ದಿನ ಬೇರೆ, ಅದು ಸರ್ಕಾರಿ ದಾಖಲೆಗೆ ಹತ್ತಿದ ದಿನ ಬೇರೆ. ದಾಖಲೆಯ ದಿನಗಳನ್ನು ಹೋಲಿಸಿದರೆ ಯಾವ ಎರಡು ಊರನ್ನೂ ಒಂದೇ ದಿನಕ್ಕೆ ತರಬಹುದು.

ಈ ವಾದವನ್ನು ಪೂರ್ತಿ ಮುಗಿಸುವ ಸಾಕ್ಷಿ ಪೆಸಿಫಿಕ್ ಸಾಗರದಲ್ಲಿದೆ. ಸಮೋವಾ ದ್ವೀಪಗಳ ಪಶ್ಚಿಮ ಭಾಗ ಆಗ ನ್ಯೂಜಿಲೆಂಡಿನ ಆಡಳಿತದಲ್ಲಿತ್ತು, ಪೂರ್ವ ಭಾಗ ಅಮೆರಿಕದ್ದು. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ ತಲೂನೆ ಎಂಬ ಹಡಗು ಪಶ್ಚಿಮ ಸಮೋವಾದ ಅಪಿಯಾ ಬಂದರಿಗೆ ತಾಗಿತು. ಹಡಗಿನಲ್ಲಿ ಫ್ಲೂ ಹಿಡಿದವರಿದ್ದರು, ಯಾರೂ ತಡೆಯಲಿಲ್ಲ. ಎರಡು ತಿಂಗಳೊಳಗೆ ಅಲ್ಲಿನ ಜನಸಂಖ್ಯೆಯ ಸುಮಾರು ಐದರಲ್ಲೊಂದು ಪಾಲು, ಅಂದಾಜು 8,500 ಮಂದಿ ಸತ್ತರು. ಕೂಗಳತೆಯಲ್ಲೇ ಎನ್ನಬಹುದಾದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಬಂದರನ್ನು ಮುಚ್ಚಿಸಿ ಬಿಗಿ ದಿಗ್ಬಂಧನ ಹಾಕಿದರು. ಅಲ್ಲಿ ಆ ಫ್ಲೂಗೆ ಒಬ್ಬರೂ ಸಾಯಲಿಲ್ಲ. ಎರಡಕ್ಕೂ ಮೇಲಿದ್ದ ಆಕಾಶ ಒಂದೇ. ವ್ಯತ್ಯಾಸವಿದ್ದದ್ದು ಹಡಗು ಇಳಿಯಿತೋ ಇಲ್ಲವೋ ಎಂಬುದರಲ್ಲಿ.

ಹಾಯ್ಲ್ ಮತ್ತು ವಿಕ್ರಮಸಿಂಘೆ 1978ರಲ್ಲಿ ಇಂಗ್ಲೆಂಡ್, ವೇಲ್ಸ್‌ನ ವಸತಿ ಶಾಲೆಗಳಲ್ಲಿ ಫ್ಲೂ ಹೇಗೆ ಹರಡಿತೆಂದು ಸಮೀಕ್ಷೆ ಮಾಡಿದರು. ಒಂದು ಹಾಸ್ಟೆಲಿನಲ್ಲಿ ಬಹಳ ಮಂದಿಗೆ, ಪಕ್ಕದ್ದರಲ್ಲಿ ಕೆಲವರಿಗೆ ಮಾತ್ರ ಬಂದದ್ದನ್ನು ಮೋಡದ ಮಳೆಯಂಥ ಬೀಳುವಿಕೆಗೆ ಸಾಕ್ಷಿ ಎಂದರು. ಆ ಫ್ಲೂ 1977ರಲ್ಲಿ ಮರಳಿ ಬಂದ ಎಚ್1ಎನ್1 ತಳಿ. ಆಮೇಲೆ ಅದರ ಆನುವಂಶಿಕ ರಚನೆ ಪರೀಕ್ಷಿಸಿದಾಗ 1950ರ ಆಸುಪಾಸಿನ ತಳಿಗಳಿಗೆ ಹೆಚ್ಚುಕಡಿಮೆ ತದ್ರೂಪವಾಗಿತ್ತು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಜನರಲ್ಲಿ ಹರಿದಾಡಿದ್ದರೆ ಅದು ಬಹಳ ಬದಲಾಗಿರಬೇಕಿತ್ತು. ಹಾಗಾಗಿ ಪ್ರಯೋಗಾಲಯದ ಫ್ರೀಜರಿನಿಂದಲೋ ಲಸಿಕೆ ಪ್ರಯೋಗದಿಂದಲೋ ಹೊರಬಿದ್ದಿರಬೇಕು ಎಂಬುದೇ ತಜ್ಞರ ಬಲವಾದ ಅನುಮಾನ. ಅವರು ಆಕಾಶ ನೋಡುತ್ತಿದ್ದಾಗ ಉತ್ತರ ಮನುಷ್ಯರ ಕೈಯಲ್ಲೇ ಇತ್ತು.

ಇಸ್ರೊ ಬಲೂನು ಮತ್ತು ಕೇರಳದ ಕೆಂಪು ಮಳೆ

ಈ ವಾದಕ್ಕೆ ಭಾರತದಲ್ಲಿ ಗಂಭೀರ ಪರೀಕ್ಷೆ ನಡೆದದ್ದು ಹೆಮ್ಮೆಯ ವಿಷಯ. 2001ರ ಜನವರಿಯಲ್ಲಿ ಮತ್ತು 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿ ಸುಮಾರು 41 ಕಿಲೋಮೀಟರ್ ಎತ್ತರದವರೆಗಿನ ಗಾಳಿಯನ್ನು ಹಿಡಿಯಲಾಯಿತು. ಎರಡನೆಯದರ ನೇತೃತ್ವ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರದು. ಮಾರ್ಗದರ್ಶಕರಲ್ಲಿ ಉಡುಪಿಯ ಅದಮಾರಿನ ಯು.ಆರ್. ರಾವ್ ಇದ್ದರು. ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಬಹುತೇಕ ಭೂಮಿಯ ಮೇಲಿನ ಪರಿಚಿತ ಜಾತಿಗಳಿಗೆ ಹೊಂದಿದವು, ಮೂರು ಹೊಸವು. ಒಂದಕ್ಕೆ ಹಾಯ್ಲ್ ಹೆಸರು, ಒಂದಕ್ಕೆ ಇಸ್ರೊ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು ಇಟ್ಟರು.

2009ರಲ್ಲಿ ಇಸ್ರೊ ಪ್ರಕಟಣೆ ಹೊರಡಿಸಿದಾಗ, ಇವು ಭೂಮಿಯ ಹೊರಗಿನಿಂದ ಬಂದವೆಂದು ಈ ಅಧ್ಯಯನ ಖಚಿತಪಡಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅಷ್ಟು ಎತ್ತರಕ್ಕೆ ಭೂಮಿಯ ಧೂಳು, ಜ್ವಾಲಾಮುಖಿಯ ಬೂದಿಯೂ ಏರಬಲ್ಲದು. ಎತ್ತರದಲ್ಲಿ ಸಿಕ್ಕಿತು ಎಂದಮಾತ್ರಕ್ಕೆ ಮೇಲಿನಿಂದ ಇಳಿಯುತ್ತಿತ್ತು ಎನ್ನಲಾಗದು. ಹೊಸ ಜಾತಿ ಎಂದರೂ ನಾವು ಇನ್ನೂ ಪಟ್ಟಿ ಮಾಡದ ಜಾತಿ ಎಂದಷ್ಟೇ ಅರ್ಥ. ಒಂದು ಮುಷ್ಟಿ ಕಾಡಿನ ಮಣ್ಣಿನಲ್ಲೂ ಅಂಥವು ಸಿಗುತ್ತವೆ.

ಅದೇ 2001ರ ಜುಲೈ 25ರಂದು ಕೇರಳದ ಚಂಗನಾಶ್ಶೇರಿ ಸುತ್ತಮುತ್ತ ಕೆಂಪು ಮಳೆ ಸುರಿಯಿತು. ಒಗೆದು ಒಣಹಾಕಿದ್ದ ಬಟ್ಟೆಗಳಿಗೆ ಗುಲಾಬಿ ಕಲೆ ಹತ್ತಿತು. ಮಳೆಗೆ ಮುನ್ನ ಭಾರಿ ಸದ್ದು ಕೇಳಿತೆಂದು ಜನ ಹೇಳಿದ್ದರಿಂದ ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರ ಮೊದಲು ಉಲ್ಕೆ ಸಿಡಿದಿರಬಹುದು ಎಂದಿತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಕಲ್ಲಿನ ಪುಡಿಯಲ್ಲ, ಜೀವಕೋಶದಂಥ ದುಂಡು ಕಣಗಳು. ಅದನ್ನು ಬೆಳೆಸಿ ನೋಡಿದಾಗ ಟ್ರೆಂಟೆಪೋಲಿಯಾ ಎಂಬ ಪಾಚಿಯ ಬೀಜಕಣಗಳೆಂದು ತಿಳಿಯಿತು. ಆ ಭಾಗದ ಮರಗಳ ತೊಗಟೆಯಲ್ಲಿ, ಬಂಡೆಗಳಲ್ಲಿ ಅದೇ ಪಾಚಿ ಧಾರಾಳವಾಗಿತ್ತು. ಕೇಂದ್ರ ಕೆಲವೇ ದಿನಗಳಲ್ಲಿ ತನ್ನ ಮೊದಲ ಊಹೆಯನ್ನು ಕೈಬಿಟ್ಟಿತ್ತು, ಆ ನವೆಂಬರಿನಲ್ಲಿ ಪಾಚಿಯ ವರದಿ ಕೊಟ್ಟಿತು. 2006ರಲ್ಲಿ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಇಬ್ಬರು ಭೌತವಿಜ್ಞಾನಿಗಳು ಮತ್ತೆ ಬಾಹ್ಯಾಕಾಶದ ಕೋಶ ಎಂದು ಬರೆದಾಗ ಜಗತ್ತಿನ ಪತ್ರಿಕೆಗಳೆಲ್ಲ ಆ ಕಡೆ ತಿರುಗಿದವು. 2015ರಲ್ಲಿ ಡಿಎನ್ಎ ಪರೀಕ್ಷೆ ಪಾಚಿಯ ಜಾತಿಯನ್ನೂ ಗುರುತಿಸಿದಾಗ ಅಷ್ಟು ಜನ ಓದಲಿಲ್ಲ. ಹೀಗೆ ಊಹೆ ದೂರ ಹೋಗುತ್ತದೆ, ತಿದ್ದುಪಡಿ ಹಿಂದೆ ಉಳಿಯುತ್ತದೆ. ಇಂದಿನ ಗೊಂದಲಕ್ಕೂ ಮೂಲ ಇದೇ ಎಂದು ನನಗನಿಸುತ್ತದೆ.

ಸಾರ್ಸ್ ಹೇಳಿದ ತೀರ್ಪು

2003ರ ಮೇ ತಿಂಗಳಲ್ಲಿ, ಸಾರ್ಸ್ ರೋಗ ಏಷ್ಯಾವನ್ನು ನಡುಗಿಸುತ್ತಿದ್ದಾಗ, ವಿಕ್ರಮಸಿಂಘೆ, ನಾರ್ಳೀಕರ್ ಮತ್ತು ಬ್ರಿಟನ್ನಿನ ಮಿಲ್ಟನ್ ವೇನ್‌ರೈಟ್ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಗೆ ಒಂದು ಪತ್ರ ಬರೆದರು. ಬಲೂನಿನ ಮಾದರಿಗಳನ್ನು ಆಧಾರವಾಗಿಟ್ಟುಕೊಂಡು, ವೈರಸ್ ಬಾಹ್ಯಾಕಾಶದಿಂದ ಹಿಮಾಲಯದ ಪೂರ್ವಕ್ಕೆ ಬಿದ್ದಿರಬಹುದು ಎಂದರು. ಮೇಲಿನ ದಾಸ್ತಾನು ಮುಗಿಯುವವರೆಗೂ ಹೊಸ ಪ್ರಕರಣಗಳು ಬರುತ್ತಲೇ ಇರಬಹುದು ಎಂಬ ಮಾತೂ ಅದರಲ್ಲಿತ್ತು.

ಇದು ಪರೀಕ್ಷಿಸಬಹುದಾದ ಭವಿಷ್ಯವಾಣಿ, ಆ ಮಟ್ಟಿಗೆ ಪ್ರಾಮಾಣಿಕ ವಿಜ್ಞಾನ. ಫಲಿತಾಂಶ ಬೇಗ ಬಂತು. ರೋಗಿಗಳನ್ನು ಪ್ರತ್ಯೇಕಿಸಿ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಮನೆಯಲ್ಲೇ ಇರಿಸಿದಾಗ ಸರಪಳಿ ಕಡಿಯಿತು. ಜುಲೈ 5ರಂದು ವಿಶ್ವ ಆರೋಗ್ಯ ಸಂಸ್ಥೆ ಸಾರ್ಸ್ ಹತೋಟಿಗೆ ಬಂದಿದೆ ಎಂದು ಘೋಷಿಸಿತು. ಮೇಲಿನಿಂದ ಬೀಳುತ್ತಿದ್ದರೆ ಕೆಳಗೆ ಬಾಗಿಲು ಹಾಕಿ ನಿಲ್ಲಿಸಲು ಆಗುತ್ತಿರಲಿಲ್ಲ. ವೈರಸ್ ಗುವಾಂಗ್‌ಡಾಂಗ್ ಮಾರುಕಟ್ಟೆಯ ಪುನುಗು ಬೆಕ್ಕುಗಳಲ್ಲಿ ಸಿಕ್ಕಿತು. ಅದರ ಬಂಧುಗಳು 2005ರಲ್ಲಿ ಬಾವಲಿಗಳಲ್ಲಿ ಸಿಕ್ಕವು.

ಕೋವಿಡ್ ಬಂದಾಗ ವಿಕ್ರಮಸಿಂಘೆ ಮತ್ತು ಸಂಗಡಿಗರು 2019ರ ಅಕ್ಟೋಬರ್ 11ರಂದು ಈಶಾನ್ಯ ಚೀನಾದ ಸಾಂಗ್‌ಯುವಾನ್ ಮೇಲೆ ಸಿಡಿದ ಉಲ್ಕೆಯತ್ತ ಬೆರಳು ತೋರಿದರು. ರೋಗ ಮೊದಲು ಕಂಡ ವುಹಾನ್ ಅಲ್ಲಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರ. ಕೋವಿಡ್ ಮೂಲದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ ನಿಜ. ಆದರೆ ಆ ಜಗಳ ಮಾರುಕಟ್ಟೆಯ ಪ್ರಾಣಿಯಿಂದ ಬಂತೋ ಪ್ರಯೋಗಾಲಯದಿಂದ ತಪ್ಪಿಸಿಕೊಂಡಿತೋ ಎಂಬುದರ ಸುತ್ತ. ಅದರ ಕುಲ ಬಾವಲಿ ವೈರಸ್‌ಗಳದ್ದು ಎಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಲಾವೋಸಿನ ಬಾವಲಿಯಲ್ಲಿ ಸಿಕ್ಕ ವೈರಸ್ಸಿನ ಆನುವಂಶಿಕ ಬರಹ ಇದಕ್ಕೆ ಸುಮಾರು 96.8ರಷ್ಟು ಶೇಕಡಾ ಹೋಲುತ್ತದೆ.

ಬೆನ್ನುವಿನಲ್ಲಿ ಸಿಕ್ಕದ್ದು ಏನು

ವೈರಸ್ ತಾನಾಗಿ ಬದುಕುವ ಜೀವಿಯಲ್ಲ. ನಮ್ಮ ಕೋಶದೊಳಗೆ ಹೊಕ್ಕರೆ ಮಾತ್ರ ಅದು ಮರಿ ಹಾಕಬಲ್ಲದು. ಒಳಹೋಗಲು ಕೋಶದ ಮೇಲಿನ ಒಂದು ನಿರ್ದಿಷ್ಟ ಪ್ರೋಟೀನನ್ನು ಹಿಡಿಯಬೇಕು, ಕೋವಿಡ್ ವೈರಸ್ಸಿಗೆ ಅದು ಎಸಿಇ2. ಬೀಗ ನೋಡದೆ ಯಾರೂ ಅದಕ್ಕೆ ಕೂರುವ ಕೀಲಿ ಮಾಡಲಾರರು. ಸಸ್ತನಿಗಳೇ ಇಲ್ಲದ ಕಡೆ, ಧೂಮಕೇತುವಿನ ಮಂಜುಗಡ್ಡೆಯಲ್ಲಿ, ಸಸ್ತನಿಗಳ ಶ್ವಾಸಕೋಶಕ್ಕೆ ಸರಿಹೊಂದುವ ವೈರಸ್ ರೂಪುಗೊಳ್ಳಲು ದಾರಿಯೇ ಇಲ್ಲ. ಹೊಸ ರೋಗಾಣುಗಳೆಲ್ಲವೂ ಪರೀಕ್ಷಿಸಿದಾಗ ಭೂಮಿಯ ಯಾವುದೋ ಪ್ರಾಣಿಯ ಹಳೆಯ ವೈರಸ್‌ಗಳಿಗೆ ಅಣ್ಣತಮ್ಮಂದಿರಾಗಿರುವುದು ಈ ಕಾರಣಕ್ಕೆ.

ಇದನ್ನು ಹಿಡಿದುಕೊಂಡರೆ ಬೆನ್ನು ಸುದ್ದಿಯೂ ಅರ್ಥವಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಭೂಮಿಗೆ ಬಂದ ಸುಮಾರು 121 ಗ್ರಾಂ ಮಾದರಿಯಲ್ಲಿ, ನಮ್ಮ ಪ್ರೋಟೀನುಗಳು ಬಳಸುವ 20 ಅಮೈನೊ ಆಮ್ಲಗಳಲ್ಲಿ 14, ಡಿಎನ್ಎ ಮತ್ತು ಆರ್‌ಎನ್‌ಎಗಳ ಐದೂ ಮೂಲ ಘಟಕಗಳು ಇದ್ದವೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಈ ಆಮ್ಲಗಳ ಅಣುಗಳು ಎಡಗೈ, ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪಗಳಲ್ಲಿ ಇರಬಲ್ಲವು. ಭೂಮಿಯ ಜೀವಿಗಳು ಪ್ರೋಟೀನು ಕಟ್ಟಲು ಎಡಗೈ ರೂಪದವನ್ನಷ್ಟೇ ಬಳಸುತ್ತವೆ. ಬೆನ್ನುವಿನಲ್ಲಿ ಎಡ, ಬಲ ಎರಡೂ ರೂಪ ಸಮಸಮವಾಗಿ ಬೆರೆತಿದ್ದವು. ಜೀವಿಗಳು ಮಾಡಿದ್ದಲ್ಲ, ಬರೀ ರಸಾಯನಶಾಸ್ತ್ರ ಮಾಡಿದ್ದು ಎಂಬುದಕ್ಕೆ ಇದು ಒಳ್ಳೆಯ ಗುರುತು. ಭೂಮಿಯಲ್ಲಿ ಜೀವ ಹುಟ್ಟಲು ಬೇಕಾದ ಸಾಮಗ್ರಿಯ ಒಂದು ಪಾಲು ಮೇಲಿನಿಂದ ಬಂದಿರಬಹುದು ಎಂಬುದು ಇದರಿಂದ ಬಲಗೊಳ್ಳುತ್ತದೆ. ಅದು ಕೋಟ್ಯಂತರ ಶತಮಾನಗಳ ಹಿಂದಿನ ಮಾತು. ನಿನ್ನೆ ಬಂದ ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ.

ವಿಜ್ಞಾನಿಗಳು ಸಾಧ್ಯತೆಯನ್ನು ಪೂರ್ತಿ ಅಲಕ್ಷಿಸಿದ್ದಾರೆ ಎನ್ನುವುದೂ ಸರಿಯಲ್ಲ. ಚಂದ್ರನಿಂದ ಮರಳಿದ ಅಪೊಲೊ 11ರ ಗಗನಯಾತ್ರಿಗಳನ್ನು 21 ದಿನಗಳ ಪ್ರತ್ಯೇಕವಾಸದಲ್ಲಿ ಇಟ್ಟಿದ್ದರು. 1967ರ ಬಾಹ್ಯಾಕಾಶ ಒಪ್ಪಂದ, ಹೊರಗಿನ ವಸ್ತು ತರುವಾಗ ಭೂಮಿಗೆ ಹಾನಿಯಾಗದಂತೆ ನೋಡಿಕೊಳ್ಳಬೇಕೆಂದು ದೇಶಗಳನ್ನು ಬದ್ಧವಾಗಿಸಿದೆ. ಮಂಗಳನ ಮಣ್ಣು ತರುವ ಯೋಜನೆಗಳಿಗೂ ಇದೇ ನಿಯಮ.

ಕ್ಯಾಸನೂರಿನಲ್ಲಿ ಹುಡುಕಿದ ರೀತಿ

ಮೂಲದ ಬಗೆಗಿನ ವಾದದಲ್ಲಿ ಬೇರೆ ಯಾವುದಕ್ಕಿಂತ ಹೆಚ್ಚು ಮುಖ್ಯವಾದದ್ದು, ನಾವು ಕಾವಲು ಎಲ್ಲಿ ಹಾಕುತ್ತೇವೆ ಎಂಬುದು. ಇದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಜ್ವರ, ರಕ್ತಸ್ರಾವ ಶುರುವಾಯಿತು. ಇಂದು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಮೊದಲು ಹಳದಿ ಜ್ವರದ ಅನುಮಾನ ಬಂತು. ವೈರಸ್ ಪ್ರತ್ಯೇಕಿಸಿದಾಗ ಅದು ರಷ್ಯಾದ ಉಣುಗಿನ ಜ್ವರದ ವೈರಸ್ಸಿಗೆ ಹತ್ತಿರದ ಬಂಧು. ಹಾಗಾದರೆ ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಹೊತ್ತು ತಂದವೇ? ಇದನ್ನು ತಿಳಿಯಲು ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಯೋಜನೆ ಕೈಗೊಂಡಿತು. ಆ ಸಂಶೋಧನೆಯಲ್ಲಿ ಅಮೆರಿಕದ ಸೇನೆಯ ಹಣವೂ ಇದ್ದದ್ದು ಹೊರಬಿದ್ದಾಗ, 70ರ ದಶಕದಲ್ಲಿ ರೋಗಾಣು ಯುದ್ಧದ ಆರೋಪ ಎದ್ದು ಸಂಸತ್ತಿನ ಲೆಕ್ಕಪತ್ರ ಸಮಿತಿ ವಿಚಾರಣೆಯನ್ನೂ ನಡೆಸಿತು.

ಈ ಗದ್ದಲದ ನಡುವೆ ಕಾಡಿನೊಳಗೆ ನಡೆದ ಕೆಲಸವೇ ರೋಗವನ್ನು ಅರ್ಥ ಮಾಡಿಸಿತು. ವೈರಸ್ ಹೊರುವುದು ಉಣುಗು. ಕಾಡು ಕಡಿದು ಅಂಚಿನಲ್ಲಿ ದನ ಮೇಯಿಸಿದಂತೆ ಉಣುಗಿಗೆ ರಕ್ತ ಹೇರಳವಾಗಿ ಸಿಕ್ಕಿ ಅದರ ಸಂಖ್ಯೆ ಏರುತ್ತದೆ. ಸೌದೆಗೆ, ತೋಟಕ್ಕೆ ಸೊಪ್ಪು, ದರಕು ತರಲು ಹೋದವರ ಕಾಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಉಣುಗುಗಳು ಹತ್ತುತ್ತವೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ ಆ ಜಾಗವೇ ಅಪಾಯದ ತಾಣವಾಗುತ್ತದೆ. ಇದನ್ನು ತಿಳಿದದ್ದರಿಂದಲೇ ಸತ್ತ ಮಂಗ ಕಂಡಲ್ಲಿ ಸುತ್ತ 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚುವ, ಕಾಡಿಗೆ ಹೋಗುವವರಿಗೆ ಕೈಕಾಲಿಗೆ ಹಚ್ಚುವ ಎಣ್ಣೆ ಹಂಚುವ ಕ್ರಮ ಬಂದದ್ದು.

ಈ ಕಾವಲು ಇಂದು ದುರ್ಬಲವಾಗಿದೆ ಎಂಬುದು ನನ್ನ ಆತಂಕ. ರೋಗ ಉತ್ತರ ಕನ್ನಡ, ಚಿಕ್ಕಮಗಳೂರು ದಾಟಿ ವಯನಾಡು, ಗೋವಾ, ಸಿಂಧುದುರ್ಗದವರೆಗೆ ಕಂಡಿದೆ. ದಶಕಗಳಿಂದ ಕೊಡುತ್ತಿದ್ದ ಹಳೆಯ ಲಸಿಕೆ ಪರಿಣಾಮಕಾರಿಯಲ್ಲ ಎಂದು 2022ರಲ್ಲಿ ನಿಂತಿತು. ಹೊಸದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ತಯಾರಿಸುತ್ತಿವೆ. ಅದು ಎಲ್ಲರ ಕೈಗೆ ಸಿಗುವ ತನಕ ಡಿಸೆಂಬರಿನಿಂದ ಮೇವರೆಗಿನ ಪ್ರತಿ ಹಂಗಾಮಿನಲ್ಲೂ ಮಲೆನಾಡಿನವರಿಗೆ ಇರುವ ರಕ್ಷಣೆ ಮೂರು: ಕಾಡಿಗೆ ಹೋಗುವ ಮುನ್ನ ಎಣ್ಣೆ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆ ದಿನವೇ ಆಶಾ ಕಾರ್ಯಕರ್ತೆಗೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸುದ್ದಿ ಮುಟ್ಟಿಸುವುದು.